ಏಳನೆಯವನ ಖುರಾಕು

ಓದುಗ ಮಹನೀಯರ ಸನ್ನಿಧಿಗೆ,

ರಾಯಬಾಗ ತಾಲೂಕಿನ ಅಲಖನೂರದ ಆಚೆಗಿನ ಒಂದು ಊರಿನ ನಿವಾಸಿಯೂ ಗ್ರಾಮ ಪಂಚಾಯಿತಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನೂ ಆದ ನಾನು ಮೊದಲಿಗೆ ಕ್ಷಮೆ ಕೋರುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಕೀಲಿಮಣೆಗೆ ಒಗ್ಗಿದ ಬೆರಳು ಪೆನ್ನು ಹಿಡಿದರೆ ಒಂದು ಸಾಲು ಮೇಲೆ, ಒಂದು ಸಾಲು ಕೆಳಗೆ ಹೋಗುತ್ತದೆ. ಒತ್ತಕ್ಷರ, ದೀರ್ಘ ತಪ್ಪಿರುವ ಸಾಧ್ಯತೆಯೂ ಇದೆ. ಇದುವರೆಗೆ ನಾನು ಬರೆದದ್ದೆಲ್ಲ ಪರರ ಅರ್ಜಿಗಳು: ನಳದ ಸಂಪರ್ಕ, ಬೀದಿ ದೀಪ, ಮನೆಯ ಹಕ್ಕಿನ ಉತಾರೆ. ನನ್ನದೇ ಒಂದು ಸಂಗತಿಯನ್ನು ಹೇಳಿಕೊಳ್ಳಲು ಬೇರೆ ರೀತಿ ತಿಳಿಯದ ಕಾರಣ ಅದೇ ರೀತಿಯಲ್ಲಿ ಬರೆಯುತ್ತಿದ್ದೇನೆ.

ವಿಷಯ: ನಮ್ಮ ಕಬಡ್ಡಿ ತಂಡದಲ್ಲಿ ಒಬ್ಬನಿಗೆ ಹೆಚ್ಚು, ಆರು ಮಂದಿಗೆ ಕಡಿಮೆ ಸಂಭಾವನೆ ನಿಗದಿಯಾದ ಮೇಲೆ ತಂಡಕ್ಕೆ ಆದದ್ದರ ಕುರಿತು.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ನಿವೇದಿಸಿಕೊಳ್ಳುವುದೇನೆಂದರೆ, ಸದರಿ ತಂಡದ ನಾಯಕ ನಾನೇ ಆಗಿದ್ದೆ. ನಾವು ಆರು ಮಂದಿ ಒಂದೇ ಶಾಲೆಯ ಅಂಗಳದ ಮಣ್ಣಿನಲ್ಲಿ ಮೊಣಕಾಲು ಕೆತ್ತಿಸಿಕೊಂಡು ಬೆಳೆದವರು. ಏಳನೆಯವನಾಗಿ ಊರಿನ ಯಾರಾದರೊಬ್ಬನು ಸೇರಿಕೊಳ್ಳುತ್ತಿದ್ದನು. ಗೆದ್ದರೆ ಬಹುಮಾನದ ಒಂದು ಢಾಲು, ಅದೃಷ್ಟವಿದ್ದರೆ ಒಂದು ಟಗರು. ಟಗರು ಸಿಕ್ಕ ದಿನ ಏಳೂ ಮನೆಯವರು ಕೂಡಿ ಉಣ್ಣುತ್ತಿದ್ದೆವು. ಆಮೇಲೆ ಈ ಭಾಗದಲ್ಲಿ ಒಂದು ಲೀಗ್ ಆರಂಭವಾಯಿತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಹೀಗೆ ಸುತ್ತುತ್ತ ಪಂದ್ಯಗಳು ನಡೆಯುತ್ತವೆ. ಮಣ್ಣು ಹೋಗಿ ಮ್ಯಾಟ್ ಬಂತು, ಅಂಗಿಯ ಬೆನ್ನಿನ ಮೇಲೆ ಗೊಬ್ಬರದ ಅಂಗಡಿಯ ಜಾಹೀರಾತು ಬಂತು. ತೆಲಸಂಗದ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರು ನಮ್ಮ ತಂಡವನ್ನು ವಹಿಸಿಕೊಂಡರು. ಅವರನ್ನು ನಾವು ಸಾವಕಾರರು ಎನ್ನುತ್ತಿದ್ದೆವು. ಮೊದಲೆರಡು ವರ್ಷ ಅವರು ಏಳೂ ಜನರಿಗೆ ಪಂದ್ಯಕ್ಕೆ ಇಷ್ಟು ಎಂದು ಸಮನಾಗಿ ಕೊಟ್ಟರು. ಆಟವಾಡಿ ಕೈಗೆ ಹಣ ಬಂದದ್ದು ನಮ್ಮ ಜೀವನದಲ್ಲಿ ಅದೇ ಮೊದಲು.

ಕಳೆದ ಹಂಗಾಮಿನ ಆರಂಭದಲ್ಲಿ ಸಾವಕಾರರು ನಮ್ಮನ್ನೆಲ್ಲ ಕರೆದು ಒಂದು ಮಾತು ಹೇಳಿದರು.

"ನೋಡ್ರಿ, ಮೊದಲ ನಾಲ್ಕರಾಗ ಬಂದ್ರ ಇದ ತಂಡ ಮುಂದಿನ ವರ್ಷಾನೂ ಇರತೈತಿ. ಇಲ್ಲಾಂದ್ರ ಒಡದ ಬ್ಯಾರೆ ಕಟ್ಟತೀನಿ. ಆಮ್ಯಾಲ ಯಾರೂ ಸಿಟ್ಟಿಗೇಳಬ್ಯಾಡ್ರಿ."

ತಂಡ ಒಡೆದರೆ ನನಗೆ ಪಂಚಾಯಿತಿಯ ಕುರ್ಚಿ ಇತ್ತು, ಕೆಲವರಿಗೆ ಕಬ್ಬಿನ ಹೊಲ ಇತ್ತು. ನಿಜವಾಗಿ ಕಳೆದುಕೊಳ್ಳುವವನು ನಮ್ಮ ಎಡಮೂಲೆಯಲ್ಲಿ ನಿಲ್ಲುವವನು. ಅವನದು ಕುರಿ ಸಾಕುವ ಮನೆ. ಪ್ರತಿ ವರ್ಷ ಅವರ ಕುರಿಹಿಂಡು ಹೊಳೆ ದಾಟಿ ಗಡಿಯಾಚೆ ಹೋದರೆ ತಿಂಗಳುಗಟ್ಟಲೆ ಮರಳುವುದಿಲ್ಲ. ಆಟದಿಂದ ಬಂದ ಹಣದಲ್ಲಿ ಅವನು ಹಿಂಡಿನ ಸಂಗಡ ಹೋಗಲು ತನ್ನ ಬದಲಿಗೆ ಒಬ್ಬ ಆಳನ್ನು ಇಟ್ಟಿದ್ದನು. ಹಾಗಾಗಿ ಹೆಂಡತಿ, ಕೂಸು, ತಾಯಿ ಇವರ ಜೊತೆ ಊರಲ್ಲಿ ಇರಲು ಸಾಧ್ಯವಾಗಿತ್ತು. ಹುಟ್ಟಿದಾಗಿನಿಂದ ತನ್ನ ತಂದೆಯನ್ನು ಮಳೆಗಾಲದಲ್ಲಿ ಮಾತ್ರ ಕಂಡವನು ಅವನು. ತನ್ನ ಮಗಳು ತನ್ನನ್ನು ದಿನಾ ಕಾಣಬೇಕೆಂಬುದು ಅವನ ಏಕಮಾತ್ರ ಬೇಡಿಕೆಯಾಗಿತ್ತು.

ಕಬಡ್ಡಿ ಬಲ್ಲವರು ಮುಂದಿನ ಕೆಲವು ಸಾಲುಗಳನ್ನು ಸಹಿಸಿಕೊಳ್ಳಬೇಕು. ಎದುರು ತಂಡದವನು ನಮ್ಮ ಅಂಗಳಕ್ಕೆ ದಾಳಿಗೆ ಬಂದಾಗ ನಾವು ಪಕ್ಕದವರ ಕೈ ಹಿಡಿದು ಸರಪಳಿಯಾಗಿ ನಿಲ್ಲುತ್ತೇವೆ. ಬಂದವನು ಹಿಂದಿನ ಗೆರೆಗೆ ಪಾದ ಚಾಚಿದ ಕೂಡಲೇ ಮೂಲೆಯವನು ನೆಲಕ್ಕೆ ಬಿದ್ದು ಅವನ ಹಿಮ್ಮಡಿ ಹಿಡಿಯುತ್ತಾನೆ. ಆ ಕ್ಷಣದಲ್ಲಿ ಮೂಲೆಯವನ ಬೆರಳು, ಮಣಿಕಟ್ಟು, ಮೋರೆ ಎಲ್ಲವೂ ಒದೆತದ ಕೆಳಗಿರುತ್ತವೆ. ಪಕ್ಕದವನು ಬಂದು ಎದುರಾಳಿಯ ಸೊಂಟಕ್ಕೆ ಬೀಳದಿದ್ದರೆ ಹಿಡಿದವನಿಗೇ ಪೆಟ್ಟು. ಹಿಡಿದವನ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಬಂದು ಬಿದ್ದವನ ಹೆಸರನ್ನು ಯಾರೂ ಕೂಗುವುದಿಲ್ಲ. ಆದರೂ ಬೀಳಲೇಬೇಕು. ಶಾಲೆಯ ಕಾಲದಿಂದ ಎಡಮೂಲೆಯವನ ಪಕ್ಕದ ಜಾಗ ನನ್ನದಾಗಿತ್ತು. ಹಗ್ಗ ಹೊಸೆದು ಒರಟಾದ ಅವನ ಅಂಗೈ ಯಾವಾಗ ನನ್ನ ಕೈ ಬಿಡುತ್ತದೆ ಎಂಬುದರಿಂದಲೇ ಅವನು ಬೀಳುವ ಹೊತ್ತು ನನಗೆ ಗೊತ್ತಾಗುತ್ತಿತ್ತು.

ಆ ಹಂಗಾಮಿಗೆ ಸಾವಕಾರರು ಗಡಿಯಾಚೆಯಿಂದ ಒಬ್ಬ ಯುವಕನನ್ನು ಏಳನೆಯವನನ್ನಾಗಿ ಕರೆತಂದರು. ದಾಳಿ ಮಾಡುವುದರಲ್ಲಿ ಪ್ರವೀಣನು. ಇಲ್ಲಿ ಅವನನ್ನು ರೇಡರ್ ಎಂದೇ ಕರೆಯುತ್ತೇನೆ. ಮರಾಠಿ ಮಾತಾಡುವವನು, ಕನ್ನಡ ಅಷ್ಟಿಷ್ಟು ತಿಳಿಯುತ್ತಿತ್ತು. ನಮ್ಮೂರಲ್ಲೇ ಒಂದು ಕೋಣೆ ಹಿಡಿದು ಉಳಿದನು. ರೇಡರ್ ನಿಲ್ಲಬೇಕಾದ ಜಾಗ ಎಡಮೂಲೆಯವನ ಪಕ್ಕದ್ದು. ಆದುದರಿಂದ ನಾನು ಒಂದು ಹೆಜ್ಜೆ ಸರಿದು ಅವನ ಬಲಕ್ಕೆ ನಿಂತೆನು. ಅವನ ಆಟದ ಬಗ್ಗೆ ನನ್ನ ಆಕ್ಷೇಪಣೆ ಏನೂ ಇಲ್ಲ. ನಾವು ಆರು ಮಂದಿ ಕೂಡಿ ತರಲಾಗದ ಅಂಕಗಳನ್ನು ಅವನೊಬ್ಬನೇ ತರುತ್ತಿದ್ದನು. ಅವನಿಗೆ ನಮಗಿಂತ ಹೆಚ್ಚು ಸಿಗಬೇಕಾದದ್ದು ನ್ಯಾಯವೇ ಎಂದು ನಾವೇ ಮಾತಾಡಿಕೊಂಡಿದ್ದೆವು.

ಎಷ್ಟು ಹೆಚ್ಚು ಎಂಬುದು ಮಾತ್ರ ಗೊತ್ತಿರಲಿಲ್ಲ. ಚಿಕ್ಕೋಡಿಯಲ್ಲಿ ಮೊದಲ ಪಂದ್ಯದ ದಿನ ಸಾವಕಾರರು ಅಭಿಮಾನದಿಂದ ಮೈಕು ಹಿಡಿದು, ಇಡೀ ಲೀಗಿನಲ್ಲಿ ಅತ್ಯಂತ ದುಬಾರಿ ಆಟಗಾರ ನಮ್ಮ ತಂಡದಲ್ಲಿದ್ದಾನೆ ಎಂದು ಮೊತ್ತದ ಸಮೇತ ಘೋಷಿಸಿದರು. ಜನ ಸೀಟಿ ಹೊಡೆದರು. ಅಂದು ನಾವು ಗೆದ್ದೆವು. ಮರಳುವಾಗ ಗಾಡಿಯಲ್ಲಿ ಆ ಮೊತ್ತದ ಮಾತೇ ಎದ್ದಿತು.

"ಏ ಕ್ಯಾಪ್ಟನ್," ಎಂದನು ಎಡಮೂಲೆಯವನು, "ನಾವು ಆರೂ ಮಂದಿ ಕೂಡಿದ್ರ ಅಂವನ ಒಂದ ಕಾಲರೆ ಆಗತೇವೇನ?"

"ಕಾಲ ಬಿಡಲೇ, ಕಿರಿಬಳ್ಳ ಆದ್ರ ಪುಣ್ಯಾ," ಎಂದನು ಹಿಂದಿನ ಸೀಟಿನಲ್ಲಿದ್ದ, ಆಟದಲ್ಲಿ ಬಲಮೂಲೆಗೆ ನಿಲ್ಲುವವನು.

"ಹಂಗಾರ ಉಗರ ನಾ ಆಗತೀನಿ. ಬೆಳದಾಗೊಮ್ಮೆ ಕತ್ತರಿಸಿ ಒಗೀರಿ."

ಎಲ್ಲರೂ ನಕ್ಕರು. ಮುಂದಿನ ಸೀಟಿನಲ್ಲಿದ್ದ ರೇಡರ್ ಮಾತು ಪೂರ್ತಿ ತಿಳಿಯದೆ ತಾನೂ ತಿರುಗಿ ನಕ್ಕನು. ಅವನು ನಕ್ಕದ್ದನ್ನು ಕಂಡು ನಮ್ಮ ನಗು ನಿಂತಿತು.

ಈ ವಿಷಯವು ಊರಿನ ತಾಲೀಮಿನ, ಅಂದರೆ ಗರಡಿಮನೆಯ, ವಸ್ತಾದರ ಕಿವಿಗೆ ಬಿದ್ದಿತು. ಅವರು ಹಳೆಯ ಪೈಲ್ವಾನರು. ನಮ್ಮೆಲ್ಲರ ಮೈ ಪಳಗಿಸಿದವರು. ಅವರು ಕೊಟ್ಟ ಪರಿಹಾರ ಕೆಳಗಿನಂತಿದೆ.

"ರೊಕ್ಕ ಅಂದ್ರ ಹೊಟ್ಟಿ ಉರೀತೈತಿ ಮಕ್ಕಳ್ರ್ಯಾ. ರೊಕ್ಕದ ಮಾತ ಮರೀರಿ. ಅಂವಗ ಊರಿನಿಂದ ಖುರಾಕ ಹಚ್ಚೂಣು. ಪೈಲ್ವಾನಗ ಖುರಾಕ ಕೊಟ್ಟಾಗ ಈ ಊರಾಗ ಯಾರರೆ ಹೊಟ್ಟಿ ಉರಕೊಂಡಾರೇನ? ಹಾಲ ಕೊಟ್ಟ ಮ್ಯಾಲ ಅಂವಾ ಊರ ಮಗಾ ಆಗತಾನ."

ನಮ್ಮ ಕಡೆಯ ರೂಢಿ ತಿಳಿಯದವರಿಗಾಗಿ ಹೇಳುತ್ತೇನೆ. ಊರಿನಿಂದ ಒಬ್ಬ ಪೈಲ್ವಾನನನ್ನು ತಯಾರು ಮಾಡುವಾಗ ಮನೆಮನೆಯವರು ಸರದಿಯ ಮೇಲೆ ಹಾಲು ಕೊಡುತ್ತಾರೆ, ಉಳ್ಳವರು ಬದಾಮಿ, ತುಪ್ಪ ಕೊಡುತ್ತಾರೆ. ಅದೇ ಖುರಾಕು. ಕೊಡುವುದು ಗೌರವ, ನಿರಾಕರಿಸುವುದು ಅಪಮಾನ. ನಮ್ಮ ಅಜ್ಜಂದಿರೂ ಕೊಟ್ಟಿದ್ದಾರೆ. ಹಾಗಾಗಿ ನಾವು ಆರೂ ಮಂದಿ ಸಂತೋಷದಿಂದಲೇ ಒಪ್ಪಿದೆವು. ಎಡಮೂಲೆಯವನು, "ಮೊದಲ ಪಾಳಿ ನಮ್ಮನೀದು," ಎಂದು ತಾನೇ ಮುಂದೆ ಬಂದನು. ಅವರ ಮನೆಯಲ್ಲಿ ಒಂದು ಎಮ್ಮೆ ಚೆನ್ನಾಗಿ ಹಿಂಡುತ್ತಿತ್ತು. ಸಾವಕಾರರು ಬದಾಮಿಯ ಚೀಲವನ್ನೇ ಕಳುಹಿಸಿದರು.

ಮೈಕಿನಲ್ಲಿ ಕೂಗಿದ ಮೊತ್ತವನ್ನು ನಾವು ಕೇಳಿದ್ದೆವೇ ಹೊರತು ಕಣ್ಣಿನಿಂದ ಕಂಡಿರಲಿಲ್ಲ. ಹಾಲನ್ನು ಮಾತ್ರ ದಿನಾ ಬೆಳಿಗ್ಗೆ ಕಂಡೆವು. ತಾಲೀಮು ಮುಗಿಸಿ ಬೆವರು ಒರೆಸಿಕೊಳ್ಳುತ್ತ ಕೂತಾಗ, ಬದಾಮಿ ಅರೆದು ಕಲಸಿದ ಹಾಲಿನ ಚರಿಗೆ ನಮ್ಮ ಆರು ಮಂದಿಯ ಮುಂದಿನಿಂದ ಹಾದು ಏಳನೆಯವನ ಮುಂದೆ ನಿಲ್ಲುತ್ತಿತ್ತು. ನಮಗೆ ನೆನೆಸಿದ ಶೇಂಗಾ.

"ಎಮ್ಮಿ ನಿಂದು, ಮೀಸಿ ಅಂವಂದು," ಎಂದು ಬಲಮೂಲೆಯವನು ಎಡಮೂಲೆಯವನನ್ನು ಚುಡಾಯಿಸಿದನು. ರೇಡರನ ಮೇಲ್ದುಟಿಗೆ ಹತ್ತಿದ ಕೆನೆಯ ಗೆರೆಯ ಬಗ್ಗೆ ಆ ಮಾತು.

"ಇರಲಿ ಬಿಡಲೇ. ಎಮ್ಮಿನೂ ಮೊನ್ನೆ ಕೇಳಾಕತ್ತಿತ್ತು, ನನಗೆಷ್ಟ ಪಗಾರ ಅಂತ."

ರೇಡರ್ ಒಳ್ಳೆಯ ಮನೆಯ ಹುಡುಗ. ಮೂರನೆಯ ದಿನವೋ ನಾಲ್ಕನೆಯ ದಿನವೋ ಚರಿಗೆಯನ್ನು ನಡುವೆ ಇಟ್ಟು, "ಸಗಳೇ ಘ್ಯಾ," ಎಲ್ಲರೂ ತೆಗೆದುಕೊಳ್ಳಿ ಎಂದನು. ಯಾರಾದರೊಬ್ಬರು ಕೈ ಚಾಚಿದ್ದರೆ ಮುಂದಿನದ್ದು ಬೇರೆಯಾಗುತ್ತಿತ್ತೇನೋ. ಅಷ್ಟರಲ್ಲಿ ವಸ್ತಾದರು ಗದರಿದರು.

"ಏ, ಖುರಾಕ ಹಂಚಬಾರದ! ಹಂಚಿದ್ದು ಮೈಗೆ ಹತ್ತೂದಿಲ್ಲ. ಊರ ಕೊಟ್ಟದ್ದನ್ನ ಒಬ್ಬನ ಕುಡೀಬೇಕು."

ಅದು ತಾಲೀಮಿನ ನಿಯಮ. ಮೀರುವಂತಿಲ್ಲ. ಅಂದಿನಿಂದ ಅವನು ನಮ್ಮೆಲ್ಲರ ಕಡೆ ಬೆನ್ನು ಮಾಡಿ ಕುಡಿಯತೊಡಗಿದನು. ಅವನು ಸಂಕೋಚದಿಂದ ತಿರುಗಿದನು. ನಮ್ಮವರಿಗೆ ಅದು ಸೊಕ್ಕಾಗಿ ಕಂಡಿತು. ಪೈಲ್ವಾನನು ಕಣದಲ್ಲಿ ಒಬ್ಬನೇ ನಿಲ್ಲುವವನು, ಹಾಲು ಕೊಟ್ಟವರು ಸುತ್ತ ಕೂತು ನೋಡುವವರು. ನಮ್ಮ ಕಣದಲ್ಲಿ ಹಾಲು ಹೊತ್ತು ತಂದವನೂ ಕುಡಿದವನೂ ಒಬ್ಬರ ಕೈ ಒಬ್ಬರು ಹಿಡಿದು ನಿಲ್ಲಬೇಕಿತ್ತು. ಈ ವ್ಯತ್ಯಾಸವು ವಸ್ತಾದರಿಗಾಗಲಿ ನಮಗಾಗಲಿ ಆಗ ಹೊಳೆಯಲಿಲ್ಲ.

ಒಂದು ದಿನ ನಾನು ಎಡಮೂಲೆಯವನ ಮನೆಗೆ ಹೋದಾಗ ಅವನ ತಾಯಿ ಹಾಲು ಹಿಂಡಿ ಒಳಗೆ ಬರುತ್ತಿದ್ದರು.

"ತಮ್ಮಾ, ಹಾಲ ಎಲ್ಲಾರಿಗೂ ಮುಟ್ಟಾಕತ್ತೈತಿಲ್ಲ? ಸಾಲದಿದ್ರ ಹೇಳ್ರಿ. ಕೂಸಿಂದ ಒಂದೀಟ ಕಡಿಮಿ ಮಾಡತೀನಿ."

ನನ್ನ ಬಾಯಿಂದ ಉತ್ತರ ಹೊರಡುವ ಮೊದಲೇ ಮಗನು, "ಕುಡಿಯಾಕತ್ತೇವ ಬೇ, ಮೈ ನೋಡಬಾರದೇನ ನಂದು," ಎಂದು ತೋಳು ಮಡಚಿ ತೋರಿಸಿದನು. ಆ ತಾಯಿ ತೋಳು ಮುಟ್ಟಿ ನೋಡಿ ನಕ್ಕರು. ಅವನು ನನ್ನ ಕಡೆ ನೋಡಲಿಲ್ಲ.

ನಿಪ್ಪಾಣಿಯ ಪಂದ್ಯದ ಮುಂಚೆ ಸಾವಕಾರರು ಮ್ಯಾಟಿನ ಅಂಚಿಗೆ ಬಂದು ಎಲ್ಲರೆದುರಿಗೆ ರೇಡರನಿಗೆ ತಾಕೀತು ಮಾಡಿದರು. "ನೀ ಹಿಡಿಯೂ ಗದ್ದಲದಾಗ ಬೀಳಬ್ಯಾಡ. ನಿನ್ನ ಮೊಣಕಾಲಿಗೆ ಏನರೆ ಆದ್ರ ನನ್ನ ಹಂಗಾಮ ಹೋತು. ಅವ್ರು ನೋಡಕೊಳ್ತಾರ." ಅವ್ರು ಎಂದರೆ ನಾವು. ನಮಗೂ ಮೊಣಕಾಲುಗಳಿದ್ದವು.

ಅಂದು ಎಡಮೂಲೆಯವನು ಎಂದಿನಂತೆ ಬಿದ್ದು ಎದುರಾಳಿಯ ಪಾದ ಹಿಡಿದನು. ರೇಡರ್ ಅಪ್ಪಣೆಯಂತೆ ಕೈ ಬಿಟ್ಟು ಹಿಂದೆ ಸರಿದನು. ಅವನನ್ನು ದಾಟಿ ನಾನು ತಲುಪುವಷ್ಟರಲ್ಲಿ ಎಡಮೂಲೆಯವನ ದವಡೆಗೆ ಒದೆ ಬಿದ್ದಿತ್ತು. ಪಂದ್ಯದ ತರುವಾಯ ನಿಪ್ಪಾಣಿಯಲ್ಲಿ ಎಲ್ಲರೂ ಖಾರದ ಮಿಸಳ-ಪಾವು ತಿಂದರು, ಅವನು ಪಾವನ್ನು ಚಹಾದಲ್ಲಿ ಅದ್ದಿ ನುಂಗಿದನು. "ರುಚಿ ಹ್ಯಾಂಗೈತಿ?" ಎಂದು ಒಬ್ಬನು ಕೇಳಿದ್ದಕ್ಕೆ, "ಪುಕ್ಕಟ ಒದಿಸಿಕೊಂಡಂಗ ಐತಿ," ಎಂದನು.

ಆಮೇಲೆ ಆದದ್ದನ್ನು ಸರಿಯಾಗಿ ಹೇಳುವುದು ನನಗೆ ಕಷ್ಟ. ನಮ್ಮಲ್ಲಿ ಯಾರೂ ಬೇಕೆಂದು ಸೋಲಲಿಲ್ಲ ಎಂದು ದೃಢೀಕರಿಸುತ್ತೇನೆ. ಯಾರೂ ಜಗಳವಾಡಲಿಲ್ಲ, ತಾಲೀಮು ತಪ್ಪಿಸಲಿಲ್ಲ. ಆದರೂ ಎಡಮೂಲೆಯವನು ಬೀಳುವ ಮೊದಲು ಕಣ್ಣು ಒಂದು ಸಲ ಪಕ್ಕಕ್ಕೆ ಹೊರಳಿಸತೊಡಗಿದನು. ಅವನು ನೋಡುವುದನ್ನು ಕಂಡು ಬಲಮೂಲೆಯವನೂ ನೋಡತೊಡಗಿದನು. ಕಣ್ಣು ಹೊರಳುವಷ್ಟರಲ್ಲಿ ಎದುರಾಳಿಯ ಪಾದ ಹಿಂದಕ್ಕೆ ಹೋಗಿರುತ್ತಿತ್ತು. ಇದಕ್ಕೆ ಯಾರನ್ನು ಕೇಳಲಿ? ಏಕೆ ನೋಡಿದೆ ಎಂದು ಕೇಳುವುದೆ? ರೇಡರ್ ಹೆಚ್ಚು ಹೆಚ್ಚು ಅಂಕ ತರುತ್ತ ಹೋದನು, ತಂಡ ಸೋಲುತ್ತ ಹೋಯಿತು. ಪ್ರತಿ ಸೋಲಿನ ನಂತರ ಅತ್ಯುತ್ತಮ ಆಟಗಾರನ ಬಹುಮಾನ ಅವನಿಗೇ ಬರುತ್ತಿತ್ತು. ಅವನು ಅದನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು ಗಾಡಿ ಹತ್ತುತ್ತಿದ್ದನು.

"ದಾದಾ, ಮೀ ಕಾಯ ಕರೂ?" ಎಂದು ಒಂದು ಸಂಜೆ ನನ್ನನ್ನು ಕೇಳಿದನು. ನಾನೇನು ಮಾಡಲಿ ಎಂದು. ನನಗೆ ಮರಾಠಿ ಚೆನ್ನಾಗಿ ಬರುತ್ತದೆ. ಸಾವಕಾರರ ಹತ್ತಿರ ಮಾತಾಡುತ್ತೇನೆ ಎಂದು ಅದೇ ಭಾಷೆಯಲ್ಲಿ ಹೇಳಿದೆನು.

ನಾಯಕನಾದ ಕಾರಣ ನಾನು ತೆಲಸಂಗಕ್ಕೆ ಹೋಗಿ ಸಾವಕಾರರನ್ನು ಭೇಟಿ ಮಾಡಿದೆನು. ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಒಣದ್ರಾಕ್ಷಿ ಆರಿಸುತ್ತಿದ್ದರು. ರೇಡರನಿಗೆ ಕಡಿಮೆ ಮಾಡುವುದು ಬೇಡ, ಉಳಿದವರಿಗೆ ಸ್ವಲ್ಪ ಏರಿಸಬೇಕು ಮತ್ತು ರೇಡರನಿಗೂ ಬೀಳಲು ಅನುಮತಿ ನೀಡಬೇಕು ಎಂದು ವಿನಂತಿಸಿದೆನು. ಅವರು ಸಿಟ್ಟಾಗಲಿಲ್ಲ. ಚಹಾ ತರಿಸಿದರು. ಒಂದು ಹಿಡಿ ಮಣೂಕವನ್ನು ನನ್ನ ಅಂಗೈಗೆ ಸುರಿದರು.

"ಇದ ನೋಡ್ರಿ ಕ್ಯಾಪ್ಟನ್. ಇದೂ, ಅದೂ ಒಂದ ಬಳ್ಳ್ಯಾಗ ಹುಟ್ಟಿದ್ದು. ಇದಕ್ಕ ಒಂದ ದರ, ಅದಕ್ಕ ಒಂದ ದರ. ನಾ ಮಾಡಿದ್ದೇನ್ರಿ? ಪ್ಯಾಟಿ ಮಾಡಿದ್ದು. ಆರೂ ಮಂದಿಗೆ ಏರಸಕೋತ ಹೋದ್ರ ನಾಳೆ ನಾನೂ ನಿಮ್ಮ ಜೋಡಿ ಚಡ್ಡಿ ಹಾಕ್ಕೊಂಡ ಆಡಾಕ ಬರಬೇಕಾಗತೈತಿ."

"ಮಣೂಕ ಒಂದರ ಕೈ ಒಂದ ಹಿಡಿಯೂದಿಲ್ರಿ ಸಾವಕಾರ್ರ," ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದು ಮುಗಳಖೋಡದ ಹತ್ತಿರ, ಮರಳುವ ಬಸ್ಸಿನಲ್ಲಿ. ಶೆಡ್ಡಿನಲ್ಲಿ ನಾನು ಹೇಳಿದ್ದು, "ಆತ್ರಿ," ಎಂದಷ್ಟೇ. ಅವರು ತಮ್ಮ ಸ್ವಂತ ದುಡ್ಡು ಹಾಕುತ್ತಿದ್ದರು. ಹೇಳಲು ನನಗೇನು ಅಧಿಕಾರವಿತ್ತು?

ಕೊನೆಯ ಪಂದ್ಯ ಕಾಗವಾಡದಲ್ಲಿ. ಗೆದ್ದರೆ ಮೊದಲ ನಾಲ್ಕರಲ್ಲಿ ಉಳಿಯುತ್ತಿದ್ದೆವು. ಅಂದು ಗಾಡಿಯಲ್ಲಿ ಹೋಗುವಾಗ ಎಡಮೂಲೆಯವನು ನನ್ನ ಪಕ್ಕ ಕೂತು, ಕುರಿಗೆ ಇಟ್ಟ ಆಳು ಬಿಟ್ಟು ಹೋಗುವ ಮಾತಾಡುತ್ತಿದ್ದಾನೆ, ಮುಂದಿನ ವರ್ಷದ ಮಾತು ಈಗಲೇ ಕೊಡಬೇಕಂತೆ, ಇವತ್ತಿನದು ಮುಗಿಯಲಿ ಎಂದಿದ್ದೇನೆ ಎಂದು ಮೆಲ್ಲಗೆ ಹೇಳಿದನು.

ಆ ಸಂಜೆ ನಾವು ಬಹಳ ದಿನಗಳ ನಂತರ ಚೆನ್ನಾಗಿ ಆಡಿದೆವು. ಕೊನೆಯ ದಾಳಿ ಎದುರಿನವರದು. ನಾವು ಒಂದು ಅಂಕ ಮುಂದಿದ್ದೆವು. ಬಂದವನು ಎಡಕ್ಕೆ ವಾಲಿ ಗೆರೆಗೆ ಪಾದ ಚಾಚಿದನು. ಎಡಮೂಲೆಯವನು ಪಕ್ಕಕ್ಕೆ ನೋಡದೆ ಬಿದ್ದನು, ಹಿಮ್ಮಡಿ ಭದ್ರವಾಗಿ ಸಿಕ್ಕಿತು. ಎದುರಾಳಿ ಎಳೆದನು. ಎಡಮೂಲೆಯವನು ಒಂದು ಉಸಿರಿನಷ್ಟು ಹೊತ್ತು ಹಿಡಿದಿದ್ದು ಬಿಟ್ಟುಬಿಟ್ಟನು. ಪಕ್ಕದಿಂದ ಯಾರೂ ಬರುವುದಿಲ್ಲವೆಂದು ಅವನ ಕೈ ಅಷ್ಟು ಪಂದ್ಯಗಳಲ್ಲಿ ಕಲಿತಿತ್ತು. ಅದೇ ಉಸಿರಿನಲ್ಲಿ ರೇಡರ್, ಸಾವಕಾರರ ಅಪ್ಪಣೆಯನ್ನು ಮೀರಿ, ಮೊದಲ ಬಾರಿಗೆ ಜಿಗಿದನು. ಎದುರಾಳಿಯ ಸೊಂಟಕ್ಕೆ ಅವನ ಕೈ ತಾಗಿತು, ನಿಲ್ಲಲಿಲ್ಲ. ಪಾದ ಬಿಡಿಸಿಕೊಂಡ ಎದುರಾಳಿ ನನ್ನ ಕೈಗೂ ಸಿಗದೆ ನಡುಗೆರೆ ಮುಟ್ಟಿದನು. ಮುಟ್ಟಿದವರು ಇಬ್ಬರು, ಅಂಕ ಎರಡು. ಸೋತೆವು.

ಮ್ಯಾಟಿನ ಮೇಲೆ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಬಿದ್ದಿದ್ದರು.

"ನೀ ಬರತೀದಿ ಅಂತ ಗೊತ್ತಿರಲಿಲ್ಲೋ," ಎಂದನು ಎಡಮೂಲೆಯವನು.

ರೇಡರ್ ಅದಕ್ಕೆ ಕನ್ನಡದಲ್ಲೇ, "ಹಿಡೀಬೇಕಿತ್ತು ಅಣ್ಣಾ," ಎಂದನು. ಅವನು ಅಣ್ಣಾ ಎಂದದ್ದು ಅದೇ ಮೊದಲು. ಅಷ್ಟರಲ್ಲಿ ಸಾವಕಾರರು ಓಡಿ ಬಂದು ರೇಡರನ ಮೊಣಕಾಲು ಒತ್ತಿ ನೋಡತೊಡಗಿದರು.

ಕೆಲವು ದಿನಗಳ ನಂತರ ಸಾವಕಾರರ ಫೋನು ಬಂತು. ತಂಡಕ್ಕೆ ಹೊಸಬರನ್ನು ತರುವುದಾಗಿಯೂ ಹಳಬರಲ್ಲಿ ಇಬ್ಬರನ್ನು ಮಾತ್ರ ಇಟ್ಟುಕೊಳ್ಳುವುದಾಗಿಯೂ ತಿಳಿಸಿದರು. "ನೀವು ಒಬ್ರು ಇದ್ದೀರಿ. ಇನ್ನೊಬ್ಬ ಯಾರ ಅಂತ ನೀವ ಹೇಳ್ರಿ."

ಐದು ಮುಖಗಳು ಕಣ್ಣ ಮುಂದೆ ಬಂದವು. ಒಂದನ್ನು ಹೇಳಿದರೆ ನಾಲ್ಕನ್ನು ನಾನೇ ತಳ್ಳಿದಂತೆ. ಎಡಮೂಲೆಯವನ ಹೆಸರನ್ನೇ ಹೇಳಬೇಕೆಂದು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆನು.

"ಹಲೋ? ಕ್ಯಾಪ್ಟನ್? ನೆಟ್‌ವರ್ಕ್ ಹೋತೇನ? ಇರಲಿ, ಆ ಬಲಮೂಲಿ ಹುಡುಗನ್ನ ಇಟಗೋತೀನಿ. ಎಡಮೂಲಿಯವಂದು ಕೈ ಸಡ್ಲ ಆಗೇತಿ, ವಿಡಿಯೋದಾಗ ನೋಡೀನಿ." ಫೋನು ನಿಂತಿತು.

ವಿಷಯವನ್ನು ತಿಳಿಸಲು ಎಡಮೂಲೆಯವನ ಮನೆಗೆ ಹೋದಾಗ ಅವನು ಕುದುರೆಯ ಮೇಲೆ ಕಂಬಳಿ, ಪಾತ್ರೆಗಳ ಗಂಟು ಕಟ್ಟುತ್ತಿದ್ದನು. ಆಳು ಬಿಟ್ಟು ಹೋಗಿದ್ದನು. ಮಗಳು ಕುದುರೆಯ ಕಾಲ ಬಳಿ ನಿಂತು ಹಗ್ಗದ ತುದಿ ಹಿಡಿದುಕೊಂಡಿದ್ದಳು.

"ನಿನ್ನ ಇಟ್ಟಾರಿಲ್ಲ?" ಎಂದು ಅವನೇ ಕೇಳಿದನು.

"ಇಟ್ಟಾರ. ಆದ್ರ ನಾ ಹೋಗೂದಿಲ್ಲ ಅಂತೀನಿ."

"ಹುಚ್ಚರಂಗ ಮಾಡಬ್ಯಾಡ. ನೀ ಬಿಟ್ರ ನನ್ನ ಕುರಿ ಏನ್ ತಿರುಗಿ ಮನೀಗೆ ಬರತಾವೇನ?"

"ನಿನ್ನ ಬಿಟ್ಟ ಹ್ಯಾಂಗ ಆಡ್ಲಿ?"

"ಆಡಾಕ ಏನಾಗೇತಿ? ಬ್ಯಾರೆಯವನ ಕೈ ಹಿಡಿ. ಅಂವನ ಪಗಾರ ಎಷ್ಟ ಅಂತ ಮಾತ್ರ ಕೇಳಬ್ಯಾಡ." ಹಾಗೆಂದು ನಕ್ಕು, ಮಗಳ ಮುಷ್ಟಿಯಿಂದ ಹಗ್ಗವನ್ನು ಮೆಲ್ಲಗೆ ಬಿಡಿಸಿಕೊಂಡನು. ಅವಳು ಕೂಡಲೇ ಬಿಡಲಿಲ್ಲ.

ಹಾಲಿ ಹೊಸ ತಂಡದ ತಾಲೀಮು ಅಥಣಿಯಲ್ಲಿ ನಡೆದಿದೆ. ರೇಡರ್ ಬೇರೆ ತಂಡಕ್ಕೆ ಹೋಗಿದ್ದಾನೆ. ನನ್ನ ಹಳೆಯ ಜಾಗ ನನಗೆ ಮರಳಿದೆ. ಎಡಮೂಲೆಗೆ ದೂರದಿಂದ ಒಬ್ಬನು ಬಂದಿದ್ದಾನೆ, ಅವನ ಅಂಗೈ ಮೆತ್ತಗಿದೆ. ಒಬ್ಬರ ಸಂಭಾವನೆ ಒಬ್ಬರಿಗೆ ತಿಳಿಸಕೂಡದೆಂದು ಈ ಸಲ ಸಾವಕಾರರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಹಾಗಾಗಿ ಯಾರೂ ಕೇಳುವುದಿಲ್ಲ. ಎದುರಿನಿಂದ ದಾಳಿಗೆ ಬಂದವನ ಪಾದದ ಮೇಲೆ ನನ್ನ ಕಣ್ಣಿರಬೇಕು. ಅದು ಪಕ್ಕದವನ ಹೊಸ ಬೂಟಿನ ಮೇಲೆ ಹೋಗಿ ನಿಲ್ಲುತ್ತದೆ, ಇವನಿಗೆಷ್ಟು ಇರಬಹುದು ಎಂದು ಮನಸ್ಸು ಅಂದಾಜು ಹಾಕುತ್ತದೆ. ಬೇಡವೆಂದರೂ ನಿಲ್ಲುವುದಿಲ್ಲ. ಅವನೂ ನನ್ನ ಬಗ್ಗೆ ಹಾಗೆಯೇ ಅಂದಾಜು ಹಾಕುತ್ತಿರಬಹುದೆಂದು ಅವನ ಕೈ ಹಿಡಿದಾಗ ಅನಿಸುತ್ತದೆ.

ಸದರಿ ಬರಹದಲ್ಲಿ ಕಾಗುಣಿತದ್ದಾಗಲಿ, ವಾಕ್ಯದ್ದಾಗಲಿ, ನಾನು ತಿಳಿದುಕೊಂಡದ್ದರಲ್ಲಾಗಲಿ ತಪ್ಪು ಕಂಡುಬಂದಲ್ಲಿ ತಾವು ದಯವಿಟ್ಟು ತಿದ್ದಬೇಕು, ತಿದ್ದಿದ್ದನ್ನು ನನಗೂ ತಿಳಿಸಬೇಕು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.